ಟ್ರನಿಯನ್‌ಗೆ ಎಣ್ಣೆ ಹಾಕಿ, ಗ್ರೀಸ್ ಬೇಡ: ಹಳೇ ಸ್ಪಿಟ್‌ಫೈರ್ ಕಾರಿನ ಮುಂದಿನ ಸಸ್ಪೆನ್ಷನ್ ಬದಲಿಸುವುದು ಹೀಗೆ

ಮೈಸೂರಿನಲ್ಲಿ ನಮ್ಮ ಸೋದರಮಾವನ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಒಂದು ಸಂಜೆ ಮನೆ ಗೇಟಿನೊಳಗೆ ತಿರುಗಿಸುವಾಗ ಎಡಗಡೆಯ ಮುಂದಿನ ಚಕ್ರ ಪಟ್ಟನೆ ಮಡಚಿಕೊಂಡು ಮಡ್‌ಗಾರ್ಡಿನ ಕೆಳಗೆ ಮಲಗಿಬಿಟ್ಟಿತು. ವೇಗ ಇರಲಿಲ್ಲ, ಯಾರಿಗೂ ಏಟಾಗಲಿಲ್ಲ. ಆಗಷ್ಟೇ ಸರ್ವಿಸ್ ಮಾಡಿಸಿದ ಕಾರು ಅದು. ಮೆಕ್ಯಾನಿಕ್ ಪ್ರತಿ ಸಲದಂತೆ ಎಲ್ಲಾ ನಿಪ್ಪಲ್‌ಗೂ (ಗ್ರೀಸ್ ಒತ್ತುವ ಸಣ್ಣ ಬಾಯಿ) ಧಾರಾಳವಾಗಿ ಗ್ರೀಸ್ ತುಂಬಿ ಕಳಿಸಿದ್ದ. ಚಕ್ರ ಮುರಿದದ್ದು ಆ ಗ್ರೀಸಿನಿಂದಲೇ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ಈಗ ನಾನಿರುವುದು ಇಂಗ್ಲೆಂಡಿನ ಕಾವೆಂಟ್ರಿ ಹತ್ತಿರ. ಮನೆಯ ಶೆಡ್ಡಿನಲ್ಲಿ 1978ರ ಟ್ರಯಂಫ್ ಸ್ಪಿಟ್‌ಫೈರ್ ಇದೆ. ಎರಡೇ ಸೀಟು, ಬಟ್ಟೆಯ ಟಾಪು. 1962ರಿಂದ 1980ರವರೆಗೆ ಈ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾದ ಕಾರು. ಹೆರಾಲ್ಡ್ ಇದಕ್ಕೆ ಅಣ್ಣ, ಅದು ಬಂದದ್ದು 1959ರಲ್ಲಿ. ಎರಡರ ರೂಪವನ್ನೂ ಬರೆದವನು ಇಟಲಿಯ ಜಿಯೊವಾನಿ ಮೈಕೆಲೊಟ್ಟಿ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಇದೇ ಮನೆತನದ್ದು. ಹಾಗಾಗಿ ಇಲ್ಲಿ ಹೇಳುವ ಕೆಲಸದಲ್ಲಿ ಮುಕ್ಕಾಲು ಪಾಲು ಬೆಂಗಳೂರು, ಮೈಸೂರಿನಲ್ಲಿ ಇನ್ನೂ ಹೆರಾಲ್ಡ್ ಇಟ್ಟುಕೊಂಡವರಿಗೂ ಹೊಂದುತ್ತದೆ. ಪಾರ್ಟ್ ತರಿಸುವಾಗ ಮಾತ್ರ ಮಾಡೆಲ್ ನೋಡಿಕೊಳ್ಳಿ.

ಇಲ್ಲಿಯ ಗೆಳೆಯರು ಹೊಸ ಪಾರ್ಟ್‌ಗಳ ಡಬ್ಬ ತಂದು, ಒಂದೇ ಶನಿವಾರದಲ್ಲಿ ಮುಗಿಸುತ್ತೇನೆ ಅಂತ ಹೊರಟು, ಕಾರು ಕೆಡಿಸಿಕೊಂಡಿದ್ದನ್ನು ಸಾಕಷ್ಟು ನೋಡಿದ್ದೇನೆ. ಎರಡು ವಾರಾಂತ್ಯ ಇಟ್ಟುಕೊಳ್ಳಿ.

ಏನು ಕೊಳ್ಳಬೇಕು

ಎರಡೂ ಕಡೆಗೆ ಟ್ರನಿಯನ್ (ಚಕ್ರ ಹೊತ್ತ ಲಿಂಕಿನ ಕೆಳತುದಿ ಕೂತು ತಿರುಗುವ ಕಂಚಿನ ಗಟ್ಟಿ) ಕಿಟ್, ಅದರ ಉದ್ದನೆಯ ಬೋಲ್ಟು, ಮೇಲಿನ ಬಾಲ್ ಜಾಯಿಂಟು, ಚಕ್ರವನ್ನು ಚಾಸಿಗೆ ಸೇರಿಸುವ ಆರ್ಮ್‌ಗಳಿಗೆ ಒಟ್ಟು 8 ಬುಷ್ (ಕೀಲಿನ ಮೆತ್ತೆ), ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್. ನಟ್ಟುಗಳು, ಕಾಟರ್ ಪಿನ್ನುಗಳು ಎಲ್ಲಾ ಹೊಸವು. ಹಳೇ ನೈಲಾನ್ ನಟ್ಟನ್ನು ಮತ್ತೆ ಹಾಕುವ ಜಿಪುಣತನ ಬೇಡ.

ಸ್ಪ್ರಿಂಗ್ ವಿಷಯದಲ್ಲಿ ನನ್ನ ಮಾತು ಕೇಳಿ. ಕಾರನ್ನು ಒಂದು ಇಂಚು ತಗ್ಗಿಸುವ ಸ್ಪ್ರಿಂಗ್ ಮಾರುತ್ತಾರೆ. ನಿಂತಾಗ ಚೆನ್ನಾಗಿ ಕಾಣುತ್ತದೆ, ಓಡುವಾಗ ಪ್ರತಿ ಹಂಪಿಗೂ ಸೈಲೆನ್ಸರ್ ಉಜ್ಜುತ್ತದೆ. ಇಂಗ್ಲೆಂಡಿನ ರಸ್ತೆಯಲ್ಲಿ ಗುಂಡಿ ಇಲ್ಲ ಅಂದುಕೊಂಡವರು ಒಮ್ಮೆ ನಮ್ಮ ಬೀದಿಗೆ ಬರಲಿ. ಕಂಪನಿ ಎತ್ತರದ್ದೇ ಹಾಕಿ. ಬೇಕಿದ್ದರೆ ಸ್ವಲ್ಪ ಬಿಗಿ ಇರಲಿ, ಅಷ್ಟೇ.

ಬುಷ್‌ನಲ್ಲಿ ಎರಡು ಬಗೆ. ಒಂದು ರಬ್ಬರ್, ಇನ್ನೊಂದು ಪಾಲಿಯುರಿಥೇನ್. ಎರಡನೆಯದನ್ನು ಎಲ್ಲರೂ ಪಾಲಿಬುಷ್ ಅಂತಾರೆ. ನಾನು ಪಾಲಿಬುಷ್ ಪರ, ಆದರೆ ಮೆತ್ತನೆಯ ಬಗೆಯ ಪರ. ರೇಸಿಗೆ ಅಂತ ಮಾಡಿದ ಗಟ್ಟಿ ಬುಷ್ ಹಾಕಿದರೆ ಊರಿನ ಒಂದೊಂದು ಕಲ್ಲೂ ನಿಮ್ಮ ಬೆನ್ನಿಗೆ ಗೊತ್ತಾಗುತ್ತದೆ.

ಎತ್ತುವುದು, ಬಿಚ್ಚುವುದು

ಹಿಂದಿನ ಚಕ್ರಕ್ಕೆ ಅಡ್ಡ ಇಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ. ಮುಂಭಾಗವನ್ನು ಎರಡೂ ಕಡೆ ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಡಿ. ಒಂದೇ ಕಡೆ ಎತ್ತಿದರೆ ಎರಡೂ ಬದಿಯನ್ನು ಜೋಡಿಸುವ ಸರಳು, ಅಂದರೆ ಆ್ಯಂಟಿ ರೋಲ್ ಬಾರ್, ತಿರುಚಿಕೊಂಡು ನಿಮ್ಮ ಜತೆ ಜಗಳಕ್ಕೆ ನಿಲ್ಲುತ್ತದೆ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ, ಇಟ್ಟಿಗೆಯನ್ನಂತೂ ನಂಬಲೇಬೇಡಿ. ಸ್ಪಿಟ್‌ಫೈರ್‌ನ ಬಾನೆಟ್ ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ತೆರೆದುಕೊಳ್ಳುತ್ತದೆ. ಎಲ್ಲಾ ಕಣ್ಣೆದುರೇ ಇರುತ್ತದೆ. ಒಂದು ಸ್ಟೂಲ್ ಹಾಕಿಕೊಂಡು ಕೂತು ಕೆಲಸ ಮಾಡಬಹುದು. ಈ ಸುಖ ಹೆಚ್ಚಿನ ಕಾರುಗಳಲ್ಲಿ ಇಲ್ಲ.

ಕೈ ಹಾಕುವ ಮುಂಚೆ ಫೋಟೊ ತೆಗೆಯಿರಿ. ಕೆಳಗಿನ ಆರ್ಮ್ ಚಾಸಿಗೆ ಕೂರುವ ಬ್ರಾಕೆಟ್‌ಗಳ ಹಿಂದೆ ಷಿಮ್ ಎಂಬ ತೆಳು ತಗಡುಗಳಿರುತ್ತವೆ. ಯಾವ ಬ್ರಾಕೆಟ್‌ನಲ್ಲಿ ಎಷ್ಟಿತ್ತು ಅಂತ ಬರೆದಿಡಿ. ಚಕ್ರದ ಓರೆ ಇರುವುದು ಅವುಗಳ ಲೆಕ್ಕದಲ್ಲಿ.

ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿ ಕಟ್ಟಿ ನೇತು ಹಾಕಿ, ಹೋಸ್ ಮೇಲೆ ಭಾರ ಬೀಳಬಾರದು. ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್‌ನ ತುದಿ, ಮೇಲಿನ ಬಾಲ್ ಜಾಯಿಂಟ್ ಎರಡೂ ಶಂಕುವಿನ ಹಾಗೆ ಕಚ್ಚಿಕೊಂಡಿರುತ್ತವೆ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿ, ಸ್ಪ್ಲಿಟರ್ ಎಂಬ ಸಲಕರಣೆ ಹಾಕಿ ಬಿಡಿಸಿ.

ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದೇ ಜೋಡಿಯಾಗಿ ಹೊರಬರುತ್ತವೆ. ಕೆಳಗೆ ಒಂದು ಬೋಲ್ಟು, ಮೇಲೆ ಸುತ್ತಲೂ ಮೂರು ನಟ್ಟು. ಬಿಚ್ಚಬೇಕಾದ್ದು ಆ ಮೂರನ್ನು ಮಾತ್ರ. ನಡುವೆ ಒಂದು ನಟ್ಟಿದೆ ನೋಡಿ, ಸ್ಪ್ರಿಂಗನ್ನು ಒತ್ತಿ ಹಿಡಿದಿರುವುದು ಅದೇ. ಅದಕ್ಕೆ ಪಾನ ಹಾಕಿದಿರೋ, ಸ್ಪ್ರಿಂಗ್ ಬಿಲ್ಲಿನಿಂದ ಬಿಟ್ಟ ಬಾಣದಂತೆ ಹೊರಡುತ್ತದೆ. ಎದುರಿಗೆ ಇರುವುದು ನಿಮ್ಮ ಮುಖ. ಜೋಡಿಯನ್ನು ಹೊರತೆಗೆದು, ಸ್ಪ್ರಿಂಗ್ ಕಂಪ್ರೆಸರ್ ಎರಡೂ ಬದಿಗೆ ಸಮವಾಗಿ ಬಿಗಿದು, ಸ್ಪ್ರಿಂಗ್ ಸಡಿಲವಾಗಿ ಅಲ್ಲಾಡಿದ ಮೇಲಷ್ಟೇ ನಡುವಿನ ನಟ್ಟು ಮುಟ್ಟಿ. ಕಂಪ್ರೆಸರ್ ಕೊಳ್ಳಬೇಕಾಗಿಲ್ಲ, ಬಾಡಿಗೆಗೆ ತನ್ನಿ. ಆದರೆ ಅಗ್ಗದ್ದರ ಕೊಕ್ಕೆ ಜಾರುತ್ತದೆ, ಅಂಥದ್ದನ್ನು ವಾಪಸ್ ಕೊಟ್ಟುಬಿಡಿ.

ಇನ್ನು ಟ್ರನಿಯನ್ ಬೋಲ್ಟು. ಕೆಳಗಿನ ಆರ್ಮ್ ಮತ್ತು ಟ್ರನಿಯನ್ ಮಧ್ಯೆ ಹಾದು ಹೋಗುವ ಉದ್ದ ಬೋಲ್ಟು ಇದು. ನಲವತ್ತು ಐವತ್ತು ವರ್ಷದಲ್ಲಿ ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಒಂದೇ ತುಂಡಾಗಿರುತ್ತದೆ. ಜನ ಸುತ್ತಿಗೆಯಿಂದ ಬಾರಿಸಿ ಬಾರಿಸಿ ಆರ್ಮನ್ನೇ ಬಗ್ಗಿಸಿಬಿಡುತ್ತಾರೆ. ಬಾರಿಸಬೇಡಿ. ಒಂದು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ. ಬೆಳಗ್ಗೆಯೂ ಹಂದದಿದ್ದರೆ ಗರಗಸದಿಂದ ಟ್ರನಿಯನ್ ಮತ್ತು ಆರ್ಮ್ ನಡುವಿನ ಸಂದಿಯಲ್ಲಿ ಎರಡೂ ಕಡೆ ಕೊಯ್ದುಬಿಡಿ. ಹೋಗುವುದು ಹಳೇ ಬೋಲ್ಟು ತಾನೇ? ಹೊಸದನ್ನು ಹಾಕುವಾಗ ಕಾಪರ್ ಗ್ರೀಸ್ ಸವರಿ, ಮುಂದೆ ಬಿಚ್ಚುವವರು ನಿಮಗೆ ಶಾಪ ಹಾಕುವುದಿಲ್ಲ.

ಎಲ್ಲರೂ ಎಡವುವ ಜಾಗ

ಚಕ್ರವನ್ನು ಹೊತ್ತ ವರ್ಟಿಕಲ್ ಲಿಂಕ್ ಉಕ್ಕಿನದು. ಅದರ ಕೆಳತುದಿಯಲ್ಲಿ ಬೋಲ್ಟಿನಂಥ ಥ್ರೆಡ್ ಇದೆ. ಅದು ಹೋಗಿ ಕೂರುವ ಕಂಚಿನ ಗಟ್ಟಿಯೇ ಟ್ರನಿಯನ್. ಅಂದರೆ ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ನಟ್ಟಿನೊಳಗೆ ಬೋಲ್ಟು ತಿರುಗಿದ ಹಾಗೆ ಇದು ತಿರುಗುತ್ತದೆ. ಹೆರಾಲ್ಡ್ 25 ಅಡಿಯ ಸುತ್ತಿನಲ್ಲಿ ಆಟೋದ ಹಾಗೆ ತಿರುಗುತ್ತಿದ್ದದ್ದು ನೆನಪಿದೆಯಲ್ವಾ? ಚಕ್ರ ಅಷ್ಟು ತಿರುಗಬೇಕಾದರೆ ಈ ಥ್ರೆಡ್ ಮೇಲೆ ಅಷ್ಟೇ ಉಜ್ಜಾಟ.

ಕಂಪನಿ ಇಲ್ಲಿಗೆ ಹೇಳಿದ್ದು ಇಪಿ 90 ಗೇರ್ ಆಯಿಲ್. ಆದರೆ ಅದನ್ನು ಹಾಕುವುದು ಗ್ರೀಸ್ ಗನ್ನಿನಿಂದ. ತಪ್ಪೆಲ್ಲ ಶುರುವಾಗುವುದು ಅಲ್ಲೇ. ನಿಪ್ಪಲ್ ಕಂಡರೆ ಮೆಕ್ಯಾನಿಕ್ ಗ್ರೀಸ್ ಒತ್ತುತ್ತಾನೆ, ಅವನ ತಪ್ಪೂ ಅಲ್ಲ. ಗ್ರೀಸ್ ಥ್ರೆಡ್ಡಿನ ಆಳಕ್ಕೆ ಇಳಿಯುವುದಿಲ್ಲ. ಒಣಗಿ ಮೇಣದ ಹಾಗೆ ಗಟ್ಟಿಯಾಗಿ, ಮುಂದೆ ಎಣ್ಣೆ ಹಾಕಿದರೂ ದಾರಿ ಬಿಡುವುದಿಲ್ಲ. ನೀರು ಒಳಗೆ ನಿಲ್ಲುತ್ತದೆ. ಉಕ್ಕಿಗೆ ತುಕ್ಕು ಹತ್ತಿ, ಆ ತುಕ್ಕೇ ಅರದಂತೆ ಕಂಚನ್ನು ತಿನ್ನುತ್ತದೆ. ಥ್ರೆಡ್ಡಿನ ಹತ್ತಿರ ಲಿಂಕ್ ಸಣಕಲಾಗುತ್ತಾ ಬಂದು ಒಂದು ದಿನ ತುಂಡಾಗುತ್ತದೆ. ಸಾಮಾನ್ಯವಾಗಿ ಪಾರ್ಕ್ ಮಾಡುವಾಗ, ಸ್ಟೀರಿಂಗ್ ಕೊನೆತನಕ ತಿರುಗಿಸಿದಾಗ. ಸೋದರಮಾವನ ಗೇಟಿನಲ್ಲಿ ಆದದ್ದು ಇದೇ.

ಅದಕ್ಕೇ ಹೊಸ ಟ್ರನಿಯನ್ ತಂದ ಮಾತ್ರಕ್ಕೆ ಕೆಲಸ ಆಯಿತು ಅಂದುಕೊಳ್ಳಬೇಡಿ. ಮೊದಲು ಹಳೇ ಲಿಂಕ್ ನೋಡಿ. ಸೀಮೆಎಣ್ಣೆಯಲ್ಲಿ ತೊಳೆದು ತಂತಿ ಬ್ರಷ್ ಹಾಕಿ ಉಜ್ಜಿ. ಥ್ರೆಡ್ಡಿನ ಬುಡದಲ್ಲಿ ಉಗುರು ಆಡಿಸಿ. ಚುಕ್ಕಿ ಚುಕ್ಕಿ ಗುಳಿ ಸಿಕ್ಕಿತೋ, ಸೊಂಟ ಸಣ್ಣಗಾಗಿದೆಯೋ, ಲಿಂಕ್ ಗುಜರಿಗೆ. ಇಲ್ಲದಿದ್ದರೆ ಹೊಸ ಟ್ರನಿಯನ್ನನ್ನು ಎಣ್ಣೆಯಿಲ್ಲದೆ ತಿರುಗಿಸಿ ಕೂರಿಸಿ, ಅಲ್ಲಾಡಿಸಿ. ಲಟಪಟ ಅಂದರೆ ಲಿಂಕ್ ಸವೆದಿದೆ ಅಂತ ಅರ್ಥ. ಇದಕ್ಕೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಅನ್ನುವವರಿಗೆ ಕೈ ಮುಗಿದು ಎದ್ದು ಬನ್ನಿ.

ಈಗ ಟ್ರನಿಯನ್ನಿನ ಸರದಿ. ಇತ್ತೀಚೆಗೆ ಬರುವ ಹೊಸವುಗಳಲ್ಲಿ ಕೆಲವು ಕೆಳಗಿನಿಂದ ಸೋರುತ್ತವೆ. ತಳದಲ್ಲಿ ಬಿಲ್ಲೆಯಂಥ ಮುಚ್ಚಳ ಒತ್ತಿ ಕೂರಿಸಿರುತ್ತಾರೆ, ಅದರ ಅಂಚಿನಿಂದ ಎಣ್ಣೆ ಜಿನುಗುತ್ತದೆ. ನಾನು ಮೊದಲ ಸಲ ಹೀಗೆ ಮೋಸ ಹೋದೆ. ಎಲ್ಲಾ ಜೋಡಿಸಿ, ಬಣ್ಣವೂ ಹೊಡೆದು, ಒಂದು ವಾರಕ್ಕೆ ನೋಡಿದರೆ ಎಣ್ಣೆಯೆಲ್ಲ ನೆಲದ ಮೇಲೆ. ಮಾರಿದ ಅಂಗಡಿಯವನು, "ಹೊಸದರಲ್ಲಿ ಹಾಗೇ ಸರ್" ಅಂದ. ಅಂದಿನಿಂದ ನನ್ನದು ಒಂದೇ ನಿಯಮ. ಡಬ್ಬ ಒಡೆದ ತಕ್ಷಣ ನಿಪ್ಪಲ್ ಕೂರಿಸಿ, ಟ್ರನಿಯನ್ ತುಂಬಾ ಎಣ್ಣೆ ಹುಯ್ದು, ಹಳೇ ಪೇಪರ್ ಮೇಲೆ ರಾತ್ರಿಯಿಡೀ ನಿಲ್ಲಿಸಿ. ಬೆಳಗ್ಗೆ ಪೇಪರ್ ಒಣಗಿದ್ದರೆ ಪಾಸು. ಕಲೆ ಇದ್ದರೆ ವಾಪಸ್ ಕಳಿಸಿ. ವಾಪಸ್ ತೆಗೆದುಕೊಳ್ಳದಿದ್ದರೆ ಎಣ್ಣೆಪಸೆ ಪೂರ್ತಿ ತೆಗೆದು, ಆ ಬಿಲ್ಲೆಯ ಅಂಚಿಗೆ ಸುತ್ತಲೂ ಬೆಸುಗೆ ಸೀಸ ಓಡಿಸಿ.

ಕೂರಿಸುವ ಕ್ರಮ ನಿಧಾನವಾಗಿ ಓದಿ. ಎಡ ಮತ್ತು ಬಲದ ಥ್ರೆಡ್ ಒಂದಕ್ಕೊಂದು ಉಲ್ಟಾ. ಕೈಯಲ್ಲಿ ಸಲೀಸಾಗಿ ಹತ್ತದಿದ್ದರೆ ಬೇರೆ ಕಡೆಯದು ಹಿಡಿದಿದ್ದೀರಿ, ಬಲವಂತ ಮಾಡಬೇಡಿ. ಲಿಂಕಿಗೆ ಮೊದಲು ರಬ್ಬರ್ ಸೀಲ್ ಏರಿಸಿ. ಇದನ್ನು ಮರೆತು ಎಲ್ಲಾ ಮುಗಿಸಿದವರ ಮುಖ ನೋಡಲಾಗುವುದಿಲ್ಲ. ಟ್ರನಿಯನ್ನಿಗೆ ಎಣ್ಣೆ ಹಾಕಿ, ಕೊನೆ ಮುಟ್ಟುವವರೆಗೆ ತಿರುಗಿಸಿ. ಅಲ್ಲಿಂದ ವಾಪಸ್ ಬಿಚ್ಚುತ್ತಾ ಬಂದು ಆರ್ಮಿಗೆ ಸರಿಯಾಗಿ ಎದುರಾದ ಮೊದಲ ಜಾಗದಲ್ಲಿ ನಿಲ್ಲಿಸಿ. ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬಾರದು. ಕೊನೆ ಮುಟ್ಟಿಸಿಯೇ ಬಿಟ್ಟರೆ ಸ್ಟೀರಿಂಗ್ ತಿರುಗಿಸಿದಾಗ ಅದು ತಳಕ್ಕೆ ಒತ್ತಿಕೊಂಡು ಲಿಂಕ್ ಮುರಿಯುತ್ತದೆ. ಜೋಡಿಸಿದ ಮೇಲೆ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ಎಲ್ಲೂ ಹಿಡಿಯುತ್ತಿಲ್ಲ ಅಂತ ನೋಡಲೇಬೇಕು.

ಟ್ರನಿಯನ್ನಿನ ಅಡ್ಡ ತೂತಿನಲ್ಲಿ ನೈಲಾನ್ ಬುಷ್, ಅದರೊಳಗೆ ಉಕ್ಕಿನ ಕೊಳವೆ. ಕೊಳವೆ ಬುಷ್‌ಗಳಿಗಿಂತ ಕೂದಲೆಳೆಯಷ್ಟು ಉದ್ದ ಇರಬೇಕು. ಬೋಲ್ಟು ಬಿಗಿದಾಗ ಕೊಳವೆ ಗಟ್ಟಿಯಾಗಿ ನಿಂತು ಟ್ರನಿಯನ್ ಅದರ ಮೇಲೆ ತೂಗಬೇಕು. ಅಗ್ಗದ ಕಿಟ್‌ನಲ್ಲಿ ಕೊಳವೆ ಗಿಡ್ಡ ಬರುತ್ತದೆ, ಬೋಲ್ಟು ಬಿಗಿದರೆ ನೈಲಾನನ್ನೇ ಹಿಸುಕುತ್ತದೆ. ಅಂಥ ಕಿಟ್ ಸುಮ್ನೆ ಎಸೆಯಿರಿ.

ಉಳಿದದ್ದು

ಹಳೇ ರಬ್ಬರ್ ಬುಷ್‌ಗಳನ್ನು ವೈಸ್‌ನಲ್ಲಿ ಎರಡು ಸಾಕೆಟ್ ಇಟ್ಟು ಒತ್ತಿ ತೆಗೆಯಿರಿ. ಬೆಂಕಿ ಹಚ್ಚಿ ಸುಡುವವರಿದ್ದಾರೆ, ಆ ಹೊಗೆ ಕುಡಿಯಬೇಡಿ. ಪಾಲಿಬುಷ್‌ಗೆ ಅದರ ಜತೆ ಬರುವ ಗ್ರೀಸನ್ನೇ ಸವರಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಹಳೇ ಮಂಚದ ಹಾಗೆ ಕಿರುಗುಟ್ಟುತ್ತದೆ. ರಬ್ಬರ್ ಬುಷ್ ಆದರೆ ಸೋಪಿನ ನೀರು ಸಾಕು, ಎಣ್ಣೆ ತಾಗಿದರೆ ಉಬ್ಬುತ್ತದೆ.

ರಬ್ಬರ್ ಹಾಕಿದವರು ಇನ್ನೊಂದು ತಪ್ಪು ಮಾಡುತ್ತಾರೆ. ಕಾರು ಗಾಳಿಯಲ್ಲಿ ನೇತಾಡುವಾಗಲೇ ಆರ್ಮ್ ಬೋಲ್ಟುಗಳನ್ನು ಬಿಗಿದುಬಿಡುತ್ತಾರೆ. ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು, ಹಾಗೇ ಇದ್ದು ಇದ್ದು ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಡಿ. ಕಾರನ್ನು ಚಕ್ರದ ಮೇಲೆ ಇಳಿಸಿ, ಹಿಂದಕ್ಕೂ ಮುಂದಕ್ಕೂ ಒಂದಿಷ್ಟು ತಳ್ಳಿ, ಮೂತಿ ಹಿಡಿದು ನಾಲ್ಕು ಸಲ ಕುಣಿಸಿ. ಆಮೇಲೆ ಬಿಗಿಯಿರಿ. ಪಾಲಿಬುಷ್‌ಗೆ ಈ ತೊಂದರೆ ಇಲ್ಲ, ಅದು ತನ್ನ ಕೊಳವೆಯ ಮೇಲೆ ತಿರುಗುತ್ತದೆ. ಬಿಗಿತದ ಲೆಕ್ಕವನ್ನು ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ನೋಡಿ ಟಾರ್ಕ್ ಪಾನದಲ್ಲಿ ಹಾಕಿ. "ಕೈಗೆ ಗೊತ್ತಾಗುತ್ತೆ" ಅನ್ನುವ ಮೇಸ್ತ್ರಿಯ ಮಾತು ಇಲ್ಲಿ ಬೇಡ.

ಬಾಲ್ ಜಾಯಿಂಟಿಗೆ ಎರಡು ಬೋಲ್ಟು, ಒಂದು ನಟ್ಟು. ಅದರ ರಬ್ಬರ್ ಟೋಪಿ ಮಾತ್ರ ಈಗೀಗ ಒಂದು ವರ್ಷಕ್ಕೇ ಬಿರಿಯುತ್ತದೆ, ಒಳ್ಳೆಯದು ಸಿಕ್ಕರೆ ಎರಡು ಜಾಸ್ತಿ ತಂದಿಡಿ. ಕ್ಯಾಲಿಪರ್ ವಾಪಸ್, ಬ್ರೇಕ್ ಪೆಡಲ್ ನಾಲ್ಕು ಸಲ ಒತ್ತಿ, ಚಕ್ರ ಹಾಕಿ.

ಕೊನೆಗೆ ಗ್ರೀಸ್ ಗನ್. ಹಳೆಯದನ್ನು ತೊಳೆದು ಎಣ್ಣೆ ತುಂಬುವ ಗೋಜು ಬೇಡ. ಇದಕ್ಕೆಂದೇ ಒಂದು ಸಣ್ಣ ಗನ್ ಕೊಂಡು ಮೇಲೆ ದೊಡ್ಡದಾಗಿ "ಎಣ್ಣೆ ಮಾತ್ರ" ಅಂತ ಬರೆಯಿರಿ. ಮೇಲಿನ ಸೀಲಿನ ಬಳಿ ಎಣ್ಣೆ ಇಣುಕುವವರೆಗೆ ಒತ್ತಿ. ನಾನು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಹೀಗೆ ಮಾಡುತ್ತೇನೆ, ಲೆಕ್ಕ ತಪ್ಪುವುದಿಲ್ಲ. ಗನ್ ಕೂಡ ಸೋರುತ್ತದೆ, ಹಳೇ ದೋಸೆ ಕಾವಲಿಯ ಮೇಲೆ ಇಡಿ.

ನೇರ ಅಲೈನ್‌ಮೆಂಟಿಗೆ ಹೋಗಿ. ದಾರಿಯಲ್ಲಿ ಕಾರು ಒಂದು ಕಡೆ ಎಳೆದರೆ ಹೆದರಬೇಡಿ, ನಿಧಾನ ಹೋಗಿ. ಷಿಮ್ ಲೆಕ್ಕ ಬರೆದ ಚೀಟಿ ಜೇಬಿನಲ್ಲಿರಲಿ, ಅಲ್ಲಿಯ ಹುಡುಗ ಕೇಳಿಯೇ ಕೇಳುತ್ತಾನೆ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲಾ ಬೋಲ್ಟುಗಳಿಗೂ ಇನ್ನೊಮ್ಮೆ ಪಾನ ಹಾಕಿ ನೋಡಿ.