ಕಬಡ್ಡಿ ಫ್ಲೆಕ್ಸ್‌ಗೆ ದಪ್ಪ, ಓರೆ ಅಕ್ಷರ: ನನ್ನ ಅನುಭವ

ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಫ್ಲೆಕ್ಸ್ ಮಾಡಿಸಲು ಬರುವ ಹುಡುಗರು ಕೇಳುವುದು ಒಂದೇ: "ಟೀವೀಲಿ ಬರುತ್ತಲ್ಲ ಸರ್, ಆ ಥರ ಓಡೋ ಅಕ್ಷರ ಹಾಕಿ." ಅವರು ಹೇಳುತ್ತಿರುವುದು ಬೋಲ್ಡ್ ಕಂಡೆನ್ಸ್ಡ್ ಇಟಾಲಿಕ್. ದಪ್ಪಗಿರುವುದರಿಂದ ರಸ್ತೆಯ ಆಚೆಯಿಂದಲೂ ಕಾಣುತ್ತದೆ. ಅಗಲ ಕಮ್ಮಿ ಇರುವುದರಿಂದ ಉದ್ದದ ಹೆಸರೂ ಒಂದೇ ಸಾಲಿನಲ್ಲಿ ದೊಡ್ಡದಾಗಿ ಕೂರುತ್ತದೆ. ಬಲಕ್ಕೆ ವಾಲಿದರೆ ವೇಗ ಬರುತ್ತದೆ.

ಇಂಗ್ಲಿಷ್‌ಗೆ ತೊಂದರೆ ಇಲ್ಲ. ಬಾರ್ಲೋ ಕಂಡೆನ್ಸ್ಡ್ ಎಂಬ ಫಾಂಟ್‌ನಲ್ಲಿ ಬ್ಲ್ಯಾಕ್ ಇಟಾಲಿಕ್, ಅಂದರೆ ತುಂಬ ದಪ್ಪಗಿನ ಓರೆ ರೂಪ, ಸಿದ್ಧವಾಗಿಯೇ ಸಿಗುತ್ತದೆ, ಅದೂ ಉಚಿತವಾಗಿ. ಕನ್ನಡಕ್ಕೆ ನಾನು ಬಳಸುವುದು ಫಾಂಟ್ ತಯಾರಿಸುವ ಏಕ್ ಟೈಪ್‌ನವರ ಅನೇಕ್ ಕನ್ನಡ ಫಾಂಟ್. ಅದರಲ್ಲಿ ಅಗಲವನ್ನು 75ರಿಂದ 125, ದಪ್ಪವನ್ನು 100ರಿಂದ 800ರವರೆಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಸಾಮಾನ್ಯ ಫಾಂಟನ್ನು ಎರಡೂ ಕಡೆಯಿಂದ ಅಮುಕಿ ಕಿರಿದು ಮಾಡುವ ಅಗತ್ಯವೇ ಇಲ್ಲ. ಹಾಗೆ ಅಮುಕಿದರೆ ನಿಂತ ಗೆರೆಗಳು ಸಣಕಲಾಗುತ್ತವೆ, ಅಡ್ಡ ಗೆರೆಗಳು ಮಾತ್ರ ದಪ್ಪ ಉಳಿಯುತ್ತವೆ. ಊರ ತುಂಬ ಅಂಥ ಬ್ಯಾನರ್‌ಗಳೇ ಜಾಸ್ತಿ.

ಆದರೆ ಅನೇಕ್‌ನಲ್ಲಿ ಇಟಾಲಿಕ್ ಇಲ್ಲ. ವಾಲಿಸುವ ಕೆಲಸ ನಮ್ಮದೇ. ಡಿಸೈನ್ ಮಾಡುವ ಕೋರೆಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ಅಕ್ಷರವನ್ನು ಕರ್ವ್ (ಚಿತ್ರದಂತೆ ತಿದ್ದಬಹುದಾದ ಆಕಾರ) ಮಾಡಿಕೊಂಡು ಸ್ಕ್ಯೂ, ಅಂದರೆ ಓರೆ, ಕೊಡುತ್ತೇನೆ. 7-8 ಡಿಗ್ರಿ ದಾಟಿಸುವುದಿಲ್ಲ. ನಮ್ಮ ಅಕ್ಷರಗಳು ದುಂಡಗೆ ಅಲ್ವಾ, ಜಾಸ್ತಿ ವಾಲಿಸಿದರೆ ಮೇಲಿನ ಬಲಮೂಲೆ, ಕೆಳಗಿನ ಎಡಮೂಲೆ ಊದಿಕೊಳ್ಳುತ್ತವೆ. ಉಳಿದ ಎರಡು ಕಡೆ ಗೆರೆ ಸವೆಯುತ್ತದೆ.

'ಕಬಡ್ಡಿ' ಎಂಬ ಪದವನ್ನೇ ನೋಡಿ. ವಾಲಿಸಿದಾಗ ಅಕ್ಷರಗಳು ಕೂರುವ ಗೆರೆಯ ಮೇಲಿದ್ದದ್ದು ಬಲಕ್ಕೆ ಹೋಗುತ್ತದೆ, ಕೆಳಗಿದ್ದದ್ದು ಎಡಕ್ಕೆ ಬರುತ್ತದೆ. ಹಾಗಾಗಿ 'ಕ'ದ ತಲೆಕಟ್ಟಿನ ಕೊಂಬು 'ಬ'ದ ನೆತ್ತಿಗೆ ತಾಗಲು ಹೋಗುತ್ತದೆ. 'ಡ್ಡಿ'ಯ ಒತ್ತು ಎಡಕ್ಕೆ ಜಾರಿ ಮೇಲಿನ ಅಕ್ಷರದ ಹೊಟ್ಟೆಯಡಿ ಸೇರಿಕೊಳ್ಳುತ್ತದೆ. ಪದವನ್ನು ಬಿಡಿಸಿ, ಒತ್ತನ್ನು ಮಾತ್ರ ಹಿಡಿದು ಬಲಕ್ಕೆ ಸರಿಸುತ್ತೇನೆ. 'ಕ' ಮತ್ತು 'ಬ' ನಡುವೆ ಕೂದಲೆಳೆಯಷ್ಟು ಜಾಗ ಬಿಡುತ್ತೇನೆ. ಅಷ್ಟು ಮಾಡಿದರೆ ಪದ ನಿಜಕ್ಕೂ ಓಡುತ್ತದೆ. ಹೊರಗೆ ದಪ್ಪ ಔಟ್‌ಲೈನ್ ಕೊಡುವುದಿದ್ದರೆ ಈ ಜಾಗ ಇನ್ನೂ ಜಾಸ್ತಿ ಬೇಕು, ಇಲ್ಲದಿದ್ದರೆ ಎಲ್ಲ ಅಂಟಿ ಮುದ್ದೆ.

ವಾಲಿಸುವುದು ಪಂದ್ಯಾವಳಿಯ ಹೆಸರನ್ನು ಮಾತ್ರ. ದಿನಾಂಕ, ಸ್ಥಳ, ಬಹುಮಾನ, ದಾನಿಗಳ ಹೆಸರು ನೆಟ್ಟಗೆ ಇರಬೇಕು. ಎಲ್ಲವೂ ಓಡಿದರೆ ಯಾವುದೂ ಓಡಿದಂತೆ ಕಾಣುವುದಿಲ್ಲ. ಅಂಗಡಿಯ ಆಫರ್, ಜೆರ್ಸಿಯ ಬೆನ್ನು, ಯೂಟ್ಯೂಬ್ ಥಂಬ್‌ನೇಲ್‌ಗೂ ಈ ಅಕ್ಷರ ಹೊಂದುತ್ತದೆ. ಶ್ರದ್ಧಾಂಜಲಿ ಬ್ಯಾನರ್‌ಗೂ ಇದನ್ನೇ ಕೇಳುವವರಿದ್ದಾರೆ! ಅಲ್ಲಿ ಮಾತ್ರ ನಾನು ಜಗ್ಗುವುದಿಲ್ಲ.

ಈಗ ಫ್ಲೆಕ್ಸ್‌ಗಿಂತ ಮೊದಲು ಪೋಸ್ಟರ್ ಓಡಾಡುವುದು ವಾಟ್ಸಾಪ್‌ನಲ್ಲಿ. ಅದಕ್ಕೇ ಪ್ರಿಂಟ್‌ಗೆ ಕಳಿಸುವ ಮುಂಚೆ ಫೋನಿನಲ್ಲಿ ಚಿಕ್ಕದಾಗಿ ನೋಡುತ್ತೇನೆ. ಮೊದಲು ಹುಡುಕುವುದು 'ಪ್ರಥಮ ಬಹುಮಾನ'ದ 'ಥ'. ಒಳಗಿನ ಚುಕ್ಕೆ ಮುಚ್ಚಿಹೋಗಿದ್ದರೆ ಆ ಸಾಲಿನ ದಪ್ಪವನ್ನು 800ರಿಂದ 600ಕ್ಕೆ ಇಳಿಸುತ್ತೇನೆ.