ಫಂಡ್ ಕಮಿಷನ್ ಉಳಿಸಿಕೊಂಡದ್ದು ಹೀಗೆ

‘ಮೊದಲ ಕಂತು ನಾನೇ ಕಟ್ತೀನಿ ಸರ್, ನೀವು ಪಾಲಿಸಿ ಮಾಡ್ಸಿ’ ಅನ್ನುವ ವಿಮಾ ಏಜೆಂಟರಿಗೇನೂ ಕಮ್ಮಿ ಇಲ್ಲ. ತಮ್ಮ ಕಮಿಷನ್ನಿನಲ್ಲಿ ಒಂದು ಪಾಲು ಬಿಟ್ಟುಕೊಡುವ ಲೆಕ್ಕ ಅದು. ನನಗೂ ಹೇಳಿದ್ದರು, ಬೇಡ ಎಂದೆ. 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಹೀಗೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. 2015ರ ತಿದ್ದುಪಡಿಯಲ್ಲಿ ದಂಡವನ್ನು 10 ಲಕ್ಷದವರೆಗೆ ಏರಿಸಿದ್ದಾರೆ. ಪ್ರಪೋಸಲ್ ಫಾರ್ಮಿನಲ್ಲೇ ಸಣ್ಣಕ್ಷರದಲ್ಲಿ ಇದೆಲ್ಲ ಇರುತ್ತದೆ, ಯಾರು ಓದ್ತಾರೆ ಹೇಳಿ! ಮ್ಯೂಚುವಲ್ ಫಂಡ್ ವಿತರಕರೂ ಕಮಿಷನ್ ವಾಪಸ್ ಕೊಡುವಂತಿಲ್ಲ.

ಆದರೆ ಫಂಡಿನಲ್ಲಿ ಬೇರೆ ದಾರಿ ಇದೆ. 2013ರ ಜನವರಿ 1ರಿಂದ ಡೈರೆಕ್ಟ್ ಪ್ಲ್ಯಾನ್ ಬಂದಿದೆ. ಅದೇ ಮ್ಯಾನೇಜರ್, ಅದೇ ಷೇರುಗಳು, ಮಧ್ಯದವರ ಕಮಿಷನ್ ಮಾತ್ರ ಇಲ್ಲ.

ನಾನು ಮೊದಲು ಫಂಡುಗಳ ಲೆಕ್ಕಪತ್ರ ನೋಡಿಕೊಳ್ಳುವ ಕ್ಯಾಮ್ಸ್ ಸಂಸ್ಥೆಯ ವೆಬ್‌ಸೈಟಿನಿಂದ ಎಲ್ಲ ಫಂಡುಗಳ ಒಟ್ಟು ಸ್ಟೇಟ್‌ಮೆಂಟ್ ತರಿಸಿಕೊಂಡೆ. ಸ್ಕೀಮಿನ ಹೆಸರಲ್ಲಿ ‘ರೆಗ್ಯುಲರ್’ (ವಿತರಕರ ಮೂಲಕ ಕೊಂಡ ಪ್ಲ್ಯಾನ್), ಅಡ್ವೈಸರ್ ಎಂಬಲ್ಲಿ ಒಂದು ಎಆರ್‌ಎನ್ (ವಿತರಕರ ನೋಂದಣಿ) ನಂಬರ್ ಇದ್ದರೆ ಕಮಿಷನ್ ಹೋಗುತ್ತಿದೆ ಅಂತಲೇ ತಿಳಿಯಿರಿ. ಡೈರೆಕ್ಟ್‌ಗೂ ರೆಗ್ಯುಲರ್‌ಗೂ ಖರ್ಚಿನಲ್ಲಿ ಶೇ 0.8ರಷ್ಟು ವ್ಯತ್ಯಾಸ ಅಂದುಕೊಳ್ಳಿ. 10 ಲಕ್ಷಕ್ಕೆ ವರ್ಷಕ್ಕೆ 8,000 ರೂಪಾಯಿ ಆಯ್ತು. ಇದಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ. ದಿನಾ ಎನ್‌ಎವಿಯಲ್ಲೇ, ಅಂದರೆ ಒಂದು ಯೂನಿಟ್‌ನ ಬೆಲೆಯಲ್ಲೇ, ಚೂರುಚೂರು ಕಳೆದುಹೋಗುತ್ತಿರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ.

ಎಲ್ಲವನ್ನೂ ಒಂದೇ ಸಲ ಬದಲಾಯಿಸಲಿಲ್ಲ. ಹಳೇ ಎಸ್‌ಐಪಿ (ಕಂತಿನ ಹೂಡಿಕೆ) ನಿಲ್ಲಿಸಿ, ಅದೇ ಫಂಡಿನ ಡೈರೆಕ್ಟ್ ಪ್ಲ್ಯಾನಿನಲ್ಲಿ ಹೊಸದು ಶುರು ಮಾಡಿದೆ. ಅದು ಸುಲಭ. ಕಷ್ಟ ಇರುವುದು ಹಳೇ ಯೂನಿಟ್‌ಗಳಲ್ಲಿ. ಅವನ್ನು ಡೈರೆಕ್ಟ್‌ಗೆ ಬದಲಾಯಿಸುವುದಕ್ಕೆ ಸ್ವಿಚ್ ಅಂತ ಹೆಸರಿದ್ದರೂ ತೆರಿಗೆ ಇಲಾಖೆಗೆ ಅದು ಮಾರಾಟವೇ. ಎಷ್ಟೋ ಈಕ್ವಿಟಿ (ಷೇರು) ಫಂಡುಗಳಲ್ಲಿ ವರ್ಷ ತುಂಬುವ ಮೊದಲೇ ತೆಗೆದರೆ ಎಕ್ಸಿಟ್ ಲೋಡ್ ಅಂತ ಶೇ 1 ಶುಲ್ಕ ಬೀಳುತ್ತದೆ. ವರ್ಷ ದಾಟಿದ ಯೂನಿಟ್‌ಗಳ ಲಾಭ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗೆ ಇದ್ದರೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಅದಕ್ಕೇ ಒಂದಿಷ್ಟನ್ನು ಮಾರ್ಚಿನಲ್ಲಿ, ಉಳಿದದ್ದನ್ನು ಏಪ್ರಿಲ್‌ನಲ್ಲಿ ಸ್ವಿಚ್ ಮಾಡಿದೆ. ಎರಡು ವರ್ಷದ ವಿನಾಯಿತಿಯೂ ಸಿಕ್ಕಿತು. ತೆರಿಗೆ ಉಳಿಸುವ ಫಂಡಾದ ಇಎಲ್‌ಎಸ್‌ಎಸ್‌ಗೆ ಮೂರು ವರ್ಷ ಲಾಕ್ ಇರುವುದರಿಂದ ಅದನ್ನು ಹಾಗೇ ಬಿಟ್ಟೆ.

ವಿತರಕರು ಫೋನ್ ಮಾಡಿ ‘ಯಾಕೆ ಸರ್?’ ಅಂದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಬೇಜಾರಾಯ್ತು ಅವರಿಗೆ, ಸಹಜ ಅಲ್ವಾ. ಅಮ್ಮನ ಫಂಡುಗಳು ಮಾತ್ರ ಇವತ್ತಿಗೂ ಅವರ ಹತ್ತಿರವೇ ಇವೆ. ಕೆವೈಸಿ, ನಾಮಿನಿ ಅಂತ ಏನೇ ಬಂದರೂ ಮನೆಗೇ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಅಮ್ಮನಿಗೆ ಆ್ಯಪು, ಒಟಿಪಿ ಯಾವುದೂ ಬೇಡ. ಆ ಕೆಲಸಕ್ಕೆ ಆ ಕಮಿಷನ್ ಜಾಸ್ತಿ ಅಂತ ನನಗನ್ನಿಸುವುದಿಲ್ಲ.