ಗೂಗಲ್ ಹುಡುಕಾಟದಲ್ಲಿ ನಿಮ್ಮ ಪುಟಕ್ಕೂ ಸ್ಟಾರ್ ಬರಬೇಕಾ? ಹೀಗೆ ಮಾಡಿ

ಗೂಗಲ್‌ನಲ್ಲಿ ಏನನ್ನಾದರೂ ಕೊಳ್ಳಲು ಹುಡುಕಿದಾಗ ಕೆಲವು ಕೊಂಡಿಗಳ ಕೆಳಗೆ ಮಾತ್ರ ಸ್ಟಾರ್‌ಗಳು ಕಾಣುತ್ತವೆ. ಪಕ್ಕದಲ್ಲಿ 4.6 ಅಂತಲೋ 4.2 ಅಂತಲೋ ಅಂಕ, ಆಮೇಲೆ ಎಷ್ಟು ಜನ ವಿಮರ್ಶೆ ಬರೆದಿದ್ದಾರೆ ಎಂಬ ಲೆಕ್ಕ. ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಅಲ್ವಾ?

ಇದಕ್ಕೆ ಗೂಗಲ್‌ಗೆ ದುಡ್ಡು ಕೊಡಬೇಕಿಲ್ಲ. ಪುಟದ ಒಳಗೆ ಸ್ಟ್ರಕ್ಚರ್ಡ್ ಡೇಟಾ ಎಂಬ, ಪುಟದಲ್ಲಿ ಏನಿದೆ ಅಂತ ಗೂಗಲ್‌ಗೆ ತಿಳಿಸುವ ಸಣ್ಣ ಕೋಡ್ ಇರಬೇಕು. ಗೂಗಲ್ 2009ರಿಂದಲೇ ಇಂಥ ಮಾಹಿತಿ ತೋರಿಸುತ್ತಿದೆ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಮೂವರೂ ಸೇರಿ ಸ್ಕೀಮಾ ಡಾಟ್ ಆರ್ಗ್ ಎಂಬ ಒಂದೇ ಪದಪಟ್ಟಿ ಮಾಡಿಕೊಂಡರು. ಇವತ್ತಿಗೂ ನಾವು ಬಳಸುವುದು ಅದನ್ನೇ.

ನಮ್ಮ ಕಡೆಯ ಸಣ್ಣ ಅಂಗಡಿ, ಹೋಂಸ್ಟೇ, ಟ್ಯೂಷನ್ ಸೆಂಟರ್‌ಗಳ ವೆಬ್‌ಸೈಟ್ ನೋಡಿದಾಗಲೆಲ್ಲ ಒಂದೇ ತಪ್ಪು ಕಣ್ಣಿಗೆ ಬೀಳುತ್ತದೆ. ಕೋಡ್ ಸರಿಯಾಗಿಯೇ ಇರುತ್ತದೆ. ಹಾಕಬಾರದ ಪುಟದಲ್ಲಿ ಹಾಕಿರುತ್ತಾರೆ. ವರ್ಷಗಟ್ಟಲೆ ಕಾಯುತ್ತಾರೆ, ಸ್ಟಾರ್ ಬರುವುದೇ ಇಲ್ಲ. ಹಾಗಾಗಿ ಮೊದಲ ಹಂತವನ್ನು ದಯವಿಟ್ಟು ನಿಧಾನವಾಗಿ ಓದಿ.

ಹಂತ 1: ಯಾವ ಪುಟಕ್ಕೆ ಸ್ಟಾರ್ ಸಿಗುತ್ತದೆ?

ಸಕಲೇಶಪುರದ ಕಡೆ ನಿಮ್ಮದೊಂದು ಹೋಂಸ್ಟೇ ಇದೆ ಅಂದುಕೊಳ್ಳಿ. ಬಂದು ಹೋದವರು ಒಳ್ಳೆಯ ಮಾತು ಬರೆದಿದ್ದಾರೆ. ಅದನ್ನೆಲ್ಲ ನಿಮ್ಮ ವೆಬ್‌ಸೈಟ್‌ನಲ್ಲಿ ಹಾಕಿ, ಕೋಡ್‌ನಲ್ಲಿ ಲೋಕಲ್ ಬಿಸಿನೆಸ್ ಅಂತ ಬರೆದು, 4.8 ಅಂಕ ಕೊಟ್ಟಿದ್ದೀರಿ. ಸ್ಟಾರ್ ಬರುತ್ತದಾ? ಬರುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ನಿಯಮ ಬದಲಿಸಿತು. ಒಂದು ಸಂಸ್ಥೆ ತನ್ನದೇ ವೆಬ್‌ಸೈಟ್‌ನಲ್ಲಿ ತನ್ನ ಬಗ್ಗೆಯೇ ಹಾಕಿಕೊಂಡ ವಿಮರ್ಶೆಗೆ ಅಂದಿನಿಂದ ಸ್ಟಾರ್ ತೋರಿಸುತ್ತಿಲ್ಲ. ಯಾವ ವಿಮರ್ಶೆ ಇಡಬೇಕು, ಯಾವುದನ್ನು ತೆಗೆಯಬೇಕು ಎಂಬುದು ಆ ಸಂಸ್ಥೆಯ ಕೈಯಲ್ಲೇ ಇರುತ್ತದಲ್ಲ, ಅದೇ ಕಾರಣ. ಕ್ಲಿನಿಕ್, ಕಲ್ಯಾಣ ಮಂಟಪ, ಬ್ಯೂಟಿ ಪಾರ್ಲರ್, ಲೆಕ್ಕಪರಿಶೋಧಕರ ಆಫೀಸು, ಎಲ್ಲಕ್ಕೂ ಇದೇ ನಿಯಮ. ಬೇರೆ ಕಂಪನಿಯ ವಿಜೆಟ್ (ವಿಮರ್ಶೆ ತೋರಿಸುವ ಸಿದ್ಧ ಪೆಟ್ಟಿಗೆ) ತಂದು ಅಂಟಿಸಿದರೂ ಲೆಕ್ಕ ಒಂದೇ.

ಈ ವಿಜೆಟ್ ಮಾರುವವರ ಬಗ್ಗೆ ಒಂದು ಎಚ್ಚರಿಕೆ. ತಿಂಗಳಿಗಿಷ್ಟು ಅಂತ ಹಣ ತೆಗೆದುಕೊಂಡು 'ನಿಮ್ಮ ಹೋಂಸ್ಟೇಗೆ ಗೂಗಲ್‌ನಲ್ಲಿ ಸ್ಟಾರ್ ಬರಿಸುತ್ತೇವೆ' ಅನ್ನುವವರು ಇನ್ನೂ ಫೋನ್ ಮಾಡುತ್ತಾರೆ. ಕೊಡಬೇಡಿ. ನಿಮ್ಮ ವ್ಯಾಪಾರಕ್ಕೆ ಸ್ಟಾರ್ ಬೇಕಿದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಇದೆ, ಅದು ಉಚಿತ. ಅಲ್ಲಿ ಗ್ರಾಹಕರು ನೇರವಾಗಿ ಬರೆಯುತ್ತಾರೆ, ಮ್ಯಾಪ್‌ನಲ್ಲಿ ನಿಮ್ಮ ಹೆಸರಿನ ಜೊತೆಗೇ ಸ್ಟಾರ್ ಕಾಣುತ್ತದೆ. ಹೋಂಸ್ಟೇಯವರು ಈ ಲೇಖನ ಇಲ್ಲಿಗೇ ನಿಲ್ಲಿಸಿ ಆ ಪ್ರೊಫೈಲ್ ಸರಿಮಾಡಿಕೊಂಡರೆ ಜಾಸ್ತಿ ಲಾಭ.

ಇನ್ನೊಂದು ಅಡ್ಡದಾರಿ ಇದೆ. ಹೋಂಸ್ಟೇಯನ್ನೇ ಕೋಡ್‌ನಲ್ಲಿ ಪ್ರಾಡಕ್ಟ್ ಅಂತ ಕರೆದುಬಿಡುವುದು. ಕೆಲವರಿಗೆ ಸ್ವಲ್ಪ ದಿನ ಸ್ಟಾರ್ ಕಂಡದ್ದೂ ಉಂಟು. ಆದರೆ ಇದು ಸುಳ್ಳು ಮಾಹಿತಿ ಕೊಟ್ಟ ಹಾಗೆ. ಸಿಕ್ಕಿಬಿದ್ದರೆ ಆಗುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹಾಗಾದರೆ ಯಾವುದಕ್ಕೆ ಸಿಗುತ್ತದೆ? ಮಾರುವ ವಸ್ತು, ಅಡುಗೆ ವಿಧಾನ, ಪುಸ್ತಕ, ಸಿನಿಮಾ, ಕೋರ್ಸ್, ಮೊಬೈಲ್ ಆ್ಯಪ್‌ನಂಥ ಸಾಫ್ಟ್‌ವೇರ್, ಇವೇ ಮುಖ್ಯವಾದವು. ಕನ್ನಡದಲ್ಲಿ ಅಡುಗೆ ಬರೆಯುವವರು ಇದನ್ನು ಗಮನಿಸಬೇಕು. ನಿಮ್ಮ ಪತ್ರೊಡೆ ಮಾಡುವ ವಿಧಾನದ ಪುಟಕ್ಕೆ ಓದುಗರು ಅಂಕ ಕೊಡುವ ವ್ಯವಸ್ಥೆ ಇದ್ದರೆ ಅದಕ್ಕೂ ಸ್ಟಾರ್ ಬರಬಹುದು.

ಇಲ್ಲೂ ಒಂದು ಕಟ್ಟುನಿಟ್ಟು ಇದೆ. ಪುಟ ಒಂದೇ ವಸ್ತುವಿನದಾಗಿರಬೇಕು. 'ಅಪ್ಪೆಮಿಡಿ ಉಪ್ಪಿನಕಾಯಿ, ಅರ್ಧ ಕಿಲೋ' ಎಂಬ ಪುಟ ಸರಿ. 'ನಮ್ಮ ಎಲ್ಲ ಉಪ್ಪಿನಕಾಯಿಗಳು' ಎಂಬ ಪಟ್ಟಿಯ ಪುಟಕ್ಕೆ ಒಟ್ಟು ಅಂಕ ಹಾಕುವ ಹಾಗಿಲ್ಲ. ಮುಖಪುಟಕ್ಕಂತೂ ಬೇಡವೇ ಬೇಡ. ಒಂದೇ ಕೋಡನ್ನು ಸೈಟ್‌ನ ಫೂಟರ್‌ನಲ್ಲಿ, ಅಂದರೆ ಎಲ್ಲ ಪುಟಗಳ ಅಡಿಯಲ್ಲೂ ಬರುವ ಭಾಗದಲ್ಲಿ ಹಾಕಿ, 'ನಮ್ಮ ಬಗ್ಗೆ' ಪುಟದಿಂದ ಹಿಡಿದು 'ಸಂಪರ್ಕಿಸಿ' ಪುಟದವರೆಗೆ ಎಲ್ಲಕ್ಕೂ 4.9 ಅಂಕ ಹಂಚಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಹಂತ 2: ನಿಜವಾದ ವಿಮರ್ಶೆ

ಅದೇ ಪುಟದಲ್ಲಿ, ಓದುಗರಿಗೆ ಕಾಣುವಂತೆ ವಿಮರ್ಶೆಗಳು ಇರಬೇಕು. ಕೋಡ್‌ನಲ್ಲಿ ಇದ್ದು ಪುಟದಲ್ಲಿ ಇಲ್ಲದಿದ್ದರೆ ನಿಯಮ ಮುರಿದಂತೆ. ಅಮೆಜಾನ್‌ನಿಂದಲೋ ಮ್ಯಾಪ್‌ನಿಂದಲೋ ಎತ್ತಿಕೊಂಡು ಬಂದ ಅಂಕ ನಡೆಯುವುದಿಲ್ಲ. ನಿಮ್ಮ ಗ್ರಾಹಕರಿಂದ ನೀವೇ ಪಡೆದದ್ದಾಗಿರಬೇಕು.

ಎರಡು ಸ್ಟಾರ್ ಕೊಟ್ಟವರ ವಿಮರ್ಶೆಯನ್ನು ಅಳಿಸಬೇಡಿ. ಇದರಲ್ಲಿ ನನ್ನದು ಗಟ್ಟಿ ನಿಲುವು. 'ಉಪ್ಪು ಜಾಸ್ತಿ' ಅಂತ ಒಬ್ಬರು ಬರೆದದ್ದಕ್ಕೆ ನೀವು ಮರ್ಯಾದೆಯಿಂದ ಉತ್ತರ ಕೊಟ್ಟಿದ್ದರೆ, ಉಳಿದ ಒಳ್ಳೆಯ ಮಾತುಗಳನ್ನೂ ಜನ ನಂಬುತ್ತಾರೆ. ನಮ್ಮ ದೇಶದಲ್ಲೂ ಆನ್‌ಲೈನ್ ವಿಮರ್ಶೆಗಳಿಗೆ ಭಾರತೀಯ ಮಾನಕ ಬ್ಯೂರೋ ಒಂದು ಮಾನದಂಡ ಮಾಡಿದೆ. ಅದರ ಹೆಸರು ಐಎಸ್ 19000:2022. ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪರಿಶೀಲಿಸಬೇಕು, ಹೇಗೆ ಪ್ರಕಟಿಸಬೇಕು ಎಂಬುದನ್ನು ಅದು ಹೇಳುತ್ತದೆ. ಅಂಗಡಿ ಸಣ್ಣದಾದರೂ ಆ ದಾರಿಯಲ್ಲೇ ನಡೆಯುವುದು ಒಳ್ಳೆಯದು.

ಹಂತ 3: ಕೋಡ್

ನಿಮ್ಮದು ವೂಕಾಮರ್ಸ್ (ವರ್ಡ್‌ಪ್ರೆಸ್ ಸೈಟ್‌ನಲ್ಲಿ ಅಂಗಡಿ ನಡೆಸುವ ಸಾಫ್ಟ್‌ವೇರ್) ಅಂಗಡಿಯಾದರೆ ಈ ಹಂತ ಬಹುಪಾಲು ಮುಗಿದ ಹಾಗೇ. ವಸ್ತುವಿಗೆ ವಿಮರ್ಶೆ ಬಂದ ತಕ್ಷಣ ಅದು ತಾನೇ ಕೋಡ್ ಬರೆಯುತ್ತದೆ. ಅದರ ಮೇಲೆ ಇನ್ನೊಂದು ಸ್ಟಾರ್ ಪ್ಲಗಿನ್ (ಸೈಟ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಸುಮ್ನೆ ಹಾಕಬೇಡಿ. ಸೈಟ್‌ನ ವಿನ್ಯಾಸವಾದ ಥೀಮ್ ಒಂದು ಅಂಕ, ಪ್ಲಗಿನ್ ಇನ್ನೊಂದು ಅಂಕ ಹೇಳಿದರೆ ಗೂಗಲ್‌ಗೆ ಒಂದೇ ಪುಟದಲ್ಲಿ ಎರಡು ಲೆಕ್ಕ ಸಿಗುತ್ತದೆ. ಪ್ಲಗಿನ್ ಬೇಕೇ ಬೇಕು ಅಂದರೆ, ಗ್ರಾಹಕರ ಅಂಕವನ್ನು ತಾನೇ ಎಣಿಸುವಂಥದ್ದನ್ನು ಆರಿಸಿ. ಅಂಕವನ್ನು ನೀವೇ ಟೈಪ್ ಮಾಡುವ ಖಾಲಿ ಜಾಗ ಕೊಡುವ ಪ್ಲಗಿನ್ ಬೇಡ.

ಕೈಯಾರೆ ಬರೆಯುವವರಿಗೆ ನನ್ನ ಸಲಹೆ ಜೆಸನ್ ಎಲ್‌ಡಿ ಎಂಬ ವಿಧಾನ, ಇದರಲ್ಲಿ ಕೋಡೆಲ್ಲ ಒಂದೇ ಕಡೆ ಇರುತ್ತದೆ. ಗೂಗಲ್ ಹೇಳುವುದೂ ಅದನ್ನೇ. ಮೈಕ್ರೋಡೇಟಾ ಎಂಬ ಹಳೆಯ ವಿಧಾನವೂ ನಡೆಯುತ್ತದೆ, ಆದರೆ ಅದು ಪುಟದ ತುಂಬ ಚೆದುರಿಕೊಂಡಿರುತ್ತದೆ. ತಿದ್ದುವುದು ತಲೆನೋವು.

ಕೋಡ್‌ನ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಮೊದಲು ಸ್ಕ್ರಿಪ್ಟ್ ಟ್ಯಾಗ್. ಅದರ ಟೈಪ್ 'ಅಪ್ಲಿಕೇಶನ್ ಸ್ಲ್ಯಾಶ್ ಎಲ್‌ಡಿ ಪ್ಲಸ್ ಜೆಸನ್' (application/ld+json). ಒಳಗೆ ಕಾಂಟೆಕ್ಸ್ಟ್ (@context) ಎಂದು ಸ್ಕೀಮಾ ಡಾಟ್ ಆರ್ಗ್ ವಿಳಾಸ, ಟೈಪ್ (@type) ಎಂದು ಪ್ರಾಡಕ್ಟ್, ನೇಮ್ ಎಂದು ವಸ್ತುವಿನ ಹೆಸರು. ಹೆಸರು ಕನ್ನಡದಲ್ಲೇ ಇರಲಿ, ತೊಂದರೆಯಿಲ್ಲ. ಬೆಲೆ ಹಾಕುವುದಾದರೆ ಬರೀ 1250 ಅಂತ ಬರೆಯಿರಿ. ನಡುವೆ ಅಲ್ಪವಿರಾಮ ಬೇಡ, ರೂಪಾಯಿ ಚಿಹ್ನೆ ಬೇಡ. ಕರೆನ್ಸಿಗೆ ಐಎನ್‌ಆರ್ ಅಂತ ಬೇರೆ ಸಾಲು ಇರುತ್ತದೆ.

ಆಮೇಲೆ ಬರುತ್ತದೆ ಅಗ್ರಿಗೇಟ್‌ರೇಟಿಂಗ್, ಅಂದರೆ ಎಲ್ಲರ ಅಂಕದ ಒಟ್ಟು ಲೆಕ್ಕ. ಇದು ಎರಡು ಸಲ ಬರುತ್ತದೆ. ಮೊದಲ ಸಲ ಗುಣದ ಹೆಸರಾಗಿ, ಶುರುವಿನ ಎ ಸಣ್ಣದು. ಅದರ ಒಳಗೆ ಟೈಪ್ ಆಗಿ ಬರುವಾಗ ಎ ದೊಡ್ಡದು. ಎರಡರಲ್ಲೂ ರೇಟಿಂಗ್‌ನ ಆರ್ ದೊಡ್ಡದು, ನಡುವೆ ಜಾಗ ಇಲ್ಲ. ಕೈಯಲ್ಲಿ ಬರೆಯುವವರು ಜಾಸ್ತಿ ಎಡವುವುದು ಇಲ್ಲೇ.

ಅದರೊಳಗೆ ರೇಟಿಂಗ್‌ವ್ಯಾಲ್ಯೂ ಮತ್ತು ಎಣಿಕೆ ಇರಬೇಕು. 16 ಜನ ಐದು, 5 ಜನ ನಾಲ್ಕು, 2 ಜನ ಮೂರು ಸ್ಟಾರ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಒಟ್ಟು 106, ಜನ 23, ಸರಾಸರಿ 4.6. ಹಾಗಾಗಿ ರೇಟಿಂಗ್‌ವ್ಯಾಲ್ಯೂ 4.6. ಅಂಕ ಕೊಟ್ಟವರು 23 ಇದ್ದು, ನಾಲ್ಕು ಮಾತು ಬರೆದವರು 9 ಮಾತ್ರ ಆದರೆ ರೇಟಿಂಗ್‌ಕೌಂಟ್ 23, ರಿವ್ಯೂಕೌಂಟ್ 9. ಎರಡರಲ್ಲಿ ಒಂದಾದರೂ ಇರಲೇಬೇಕು. ಎಣಿಕೆ ಸೊನ್ನೆ ಇದ್ದರೆ ತಪ್ಪು ಅಂತ ಬರುತ್ತದೆ. ಇನ್ನೂ ವಿಮರ್ಶೆ ಬಾರದ ಹೊಸ ವಸ್ತುವಿಗೆ ಈ ಭಾಗವನ್ನೇ ಬಿಟ್ಟುಬಿಡಿ. ನಿಮ್ಮ ಅಂಕ ಹತ್ತರ ಲೆಕ್ಕದಲ್ಲಿದ್ದರೆ ಬೆಸ್ಟ್‌ರೇಟಿಂಗ್ 10 ಅಂತ ಹೇಳಲೇಬೇಕು, ಇಲ್ಲದಿದ್ದರೆ ಗೂಗಲ್ ಐದರ ಲೆಕ್ಕ ಅಂದುಕೊಳ್ಳುತ್ತದೆ.

ಕನ್ನಡ ಸೈಟ್ ನಡೆಸುವವರಿಗೆ ಒಂದು ಮಾತು. ಪುಟದಲ್ಲಿ ೪.೬ ಅಂತ ಕನ್ನಡ ಅಂಕಿಯಲ್ಲಿ ತೋರಿಸಿ, ಚೆನ್ನಾಗಿಯೇ ಇರುತ್ತದೆ. ಕೋಡ್‌ನಲ್ಲಿ ಮಾತ್ರ 4.6 ಅಂತಲೇ ಇರಲಿ. ಕೋಡನ್ನು ವರ್ಡ್‌ನಲ್ಲಿ ಟೈಪ್ ಮಾಡಬೇಡಿ. ಅದು ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತದೆ, ಅಷ್ಟಕ್ಕೇ ಇಡೀ ಕೋಡ್ ಕೆಟ್ಟುಹೋಗುತ್ತದೆ. ನೋಟ್‌ಪ್ಯಾಡ್ ಸಾಕು. ಕೊನೆಯ ಸಾಲಿನ ನಂತರ ಅಲ್ಪವಿರಾಮ ಉಳಿದಿದೆಯೇ ಅಂತಲೂ ನೋಡಿ, ಉಳಿದಿದ್ದರೆ ತೆಗೆಯಿರಿ.

ಮತ್ತೆ, ಒಮ್ಮೆ ಬರೆದು ಮರೆಯುವ ಕೋಡ್ ಇದಲ್ಲ. ಪುಟದಲ್ಲಿ 31 ವಿಮರ್ಶೆ, ಕೋಡ್‌ನಲ್ಲಿ ಇನ್ನೂ 23 ಅಂತ ಇದ್ದರೆ ಹೊಂದುವುದಿಲ್ಲ. ಪ್ರತಿ ಸಲ ತಿದ್ದಲು ಆಗದಿದ್ದರೆ, ಡೇಟಾಬೇಸ್‌ನಿಂದಲೇ ಅಂಕ ಬರುವಂತೆ ಡೆವಲಪರ್ ಹತ್ತಿರ ಮಾಡಿಸಿಕೊಳ್ಳಿ. ಆಗ ಇದನ್ನೂ ಕೇಳಿ: ಕೋಡ್ ಪುಟದ ಮೂಲ ಎಚ್‌ಟಿಎಂಎಲ್‌ನಲ್ಲೇ ಬರಬೇಕು, ಆಮೇಲೆ ಜಾವಾಸ್ಕ್ರಿಪ್ಟ್‌ನಿಂದ ಸೇರುವುದು ಬೇಡ. ಮಾರುವ ವಸ್ತುಗಳಿಗೆ ಗೂಗಲ್ ಸಲಹೆಯೂ ಇದೇ.

ಹಂತ 4: ಪರೀಕ್ಷೆ

ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್ ತೆರೆದು ಪುಟದ ವಿಳಾಸ ಕೊಡಿ. ರಿವ್ಯೂ ಸ್ನಿಪೆಟ್ಸ್ ಎಂಬ ಸಾಲು ಹಸಿರು ಗುರುತಿನೊಂದಿಗೆ ಕಂಡರೆ ಕೋಡ್ ಸರಿ. ಕೆಂಪು ಬಂದರೆ ತಿದ್ದಲೇಬೇಕು, ಹಳದಿ ಬಂದರೆ ತಿದ್ದಿದರೆ ಒಳ್ಳೆಯದು. ಸ್ಕೀಮಾದವರ ವ್ಯಾಲಿಡೇಟರ್ ಬೇರೆ ಇದೆ. ಅದು ವ್ಯಾಕರಣ ಮಾತ್ರ ನೋಡುತ್ತದೆ, ಗೂಗಲ್ ತೋರಿಸುತ್ತದೋ ಇಲ್ಲವೋ ಹೇಳುವುದಿಲ್ಲ.

ಇಲ್ಲಿ ಪಾಸಾದರೂ ಹಂತ 1ರ ತಪ್ಪು ಹಾಗೇ ಉಳಿದಿರಬಹುದು ಎಂಬುದು ನೆನಪಿರಲಿ. ಟೆಸ್ಟ್ ನೋಡುವುದು ಕೋಡನ್ನು. ವಿಮರ್ಶೆ ನಿಮ್ಮದೇ ಸಂಸ್ಥೆಯದ್ದಾ, ನಿಜದ್ದಾ ಅಂತ ಅದು ವಿಚಾರಿಸುವುದಿಲ್ಲ.

ಹಂತ 5: ಗೂಗಲ್‌ಗೆ ತಿಳಿಸಿ, ಕಾಯಿರಿ

ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ ಎಂಬ ಸಾಧನದಲ್ಲಿ ಪುಟದ ವಿಳಾಸ ಹಾಕಿ, ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿ. ಒಮ್ಮೆ ಒತ್ತಿದರೆ ಸಾಕು. ಗೂಗಲ್ ಪುಟವನ್ನು ಮತ್ತೆ ಓದಲು ಕೆಲವು ದಿನ ಹಿಡಿಯಬಹುದು, ವಾರಗಳೂ ಆಗಬಹುದು. ಎಲ್ಲ ಸರಿಯಿದ್ದರೂ ಸ್ಟಾರ್ ತೋರಿಸಿಯೇ ತೋರಿಸುತ್ತೇವೆ ಅಂತ ಗೂಗಲ್ ಮಾತು ಕೊಡುವುದಿಲ್ಲ. ಯಾರಾದರೂ ಗ್ಯಾರಂಟಿ ಕೊಟ್ಟರೆ ಅವರ ಮಾತು ನಂಬಬೇಡಿ. ಕೋಡ್ ಹಾಕಿದ ಮಾತ್ರಕ್ಕೆ ನಿಮ್ಮ ಪುಟ ಮೇಲಕ್ಕೆ ಏರುವುದೂ ಇಲ್ಲ. ಇದ್ದ ಜಾಗದಲ್ಲೇ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಇನ್ನು ಸುಳ್ಳು ಕೋಡ್ ಹಾಕಿ ಸಿಕ್ಕಿಬಿದ್ದವರ ವಿಷಯ. ಸರ್ಚ್ ಕನ್ಸೋಲ್‌ನ ಮ್ಯಾನ್ಯುಯಲ್ ಆ್ಯಕ್ಷನ್ಸ್ ಪುಟದಲ್ಲಿ ಅದರ ಸೂಚನೆ ಬರುತ್ತದೆ. ಪುಟ ಹುಡುಕಾಟದಿಂದ ಕಾಣೆಯಾಗುವುದಿಲ್ಲ, ಅದರ ಸ್ಥಾನವೂ ಇಳಿಯುವುದಿಲ್ಲ. ಆದರೆ ಸ್ಟಾರ್ ಹೋಗುತ್ತದೆ, ಜೊತೆಗೆ ಸ್ಟ್ರಕ್ಚರ್ಡ್ ಡೇಟಾದಿಂದ ಬರುತ್ತಿದ್ದ ಬೇರೆ ಅಲಂಕಾರಗಳೂ ಹೋಗಬಹುದು. ತಪ್ಪು ಕೋಡನ್ನು ಒಂದೆರಡು ಪುಟದಿಂದಲ್ಲ, ಎಲ್ಲ ಪುಟಗಳಿಂದಲೂ ತೆಗೆಯಿರಿ. ಥೀಮ್‌ನ ಫೂಟರ್ ನೋಡುವುದನ್ನು ಮರೆಯಬೇಡಿ. ಆಮೇಲೆ ಅದೇ ಪುಟದಲ್ಲಿರುವ ರಿಕ್ವೆಸ್ಟ್ ರಿವ್ಯೂ ಒತ್ತಿ, ಏನು ತಪ್ಪಾಗಿತ್ತು, ಏನು ತಿದ್ದಿದಿರಿ ಎಂಬುದನ್ನು ನೇರವಾಗಿ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿ.